ಪಿಕಪ್ ಟ್ರಕ್ಕಿನ ಸ್ಪಾರ್ಕ್ ಪ್ಲಗ್ ಮನೆಯಲ್ಲೇ ಬದಲಾಯಿಸುವಾಗ: ಏಳು ಬಂದವು, ಎಂಟನೆಯದು ಕಚ್ಚಿಕೊಂಡಿದೆ

ಹಳೇಗಾಡಿ, ಶನಿವಾರ ಮಧ್ಯಾಹ್ನ

ಎಲ್ಲರಿಗೂ ನಮಸ್ಕಾರ. ಅರ್ಧಕ್ಕೆ ನಿಂತಿರುವ ಕೆಲಸವೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನನ್ನ ಪಿಕಪ್ಪಿನದು ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಅಲ್ಯೂಮಿನಿಯಮ್ಮಿನದು, ಪ್ರತಿ ಪ್ಲಗ್ಗಿನ ಮೇಲೂ ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಒಂದೊಂದು ಕಾಯಿಲ್ ಕೂತಿದೆ. ಇದುವರೆಗೆ 1,62,000 ಕಿಲೋಮೀಟರ್ ಓಡಿದೆ. ನಾನು ಕೊಂಡ ಮೇಲೆ ಪ್ಲಗ್ ಮುಟ್ಟಿಲ್ಲ. ಅದಕ್ಕೆ ಮೊದಲು ಯಾರಾದರೂ ಬದಲಾಯಿಸಿದ್ದರೇ ಎಂಬುದಕ್ಕೆ ದಾಖಲೆಯಿಲ್ಲ.

ಬೆಳಗ್ಗೆ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷ ಸ್ಟೀರಿಂಗ್ ಹಿಡಿದ ಕೈಗೇ ತಿಳಿಯುವಷ್ಟು ಗಾಡಿ ನಡುಗುತ್ತದೆ, ಭಾರ ಹೊತ್ತು ಏರು ಹತ್ತುವಾಗ ಮಿಸ್ಸಿಂಗ್ ಹೊಡೆಯುತ್ತದೆ. ಸ್ಕ್ಯಾನರ್ ಹಾಕಿ ನೋಡಿದಾಗ ಪಿ0304, ಅಂದರೆ ನಾಲ್ಕನೇ ಸಿಲಿಂಡರಿನ ಮಿಸ್‌ಫೈರ್ (ಇಂಧನ ಸರಿಯಾಗಿ ಹೊತ್ತಿಕೊಳ್ಳದಿರುವುದು) ಎಂದು ಬಂತು. ಕಾಯಿಲ್ ಕೆಟ್ಟಿರಬಹುದೆಂದು ನಾಲ್ಕರದ್ದನ್ನು ಎರಡಕ್ಕೂ ಎರಡರದ್ದನ್ನು ನಾಲ್ಕಕ್ಕೂ ಅದಲುಬದಲು ಮಾಡಿದೆ. ಆಗ ಪಿ0302 ಬಂತು, ಆದರೆ ಪಿ0304 ಹೋಗಲೂ ಇಲ್ಲ. ಇದರ ಅರ್ಥವೇನೆಂದು ನನಗೆ ತಿಳಿಯಲಿಲ್ಲ. ಹೇಗೂ ಪ್ಲಗ್ಗುಗಳ ಆಯಸ್ಸು ಮುಗಿದಿರಬೇಕೆಂದು ಎಂಟನ್ನೂ ಬದಲಾಯಿಸಲು ಇವತ್ತು ಕೂತೆ.

ಏಳು ಪ್ಲಗ್ ಸಲೀಸಾಗಿ ಬಂದವು. ನಾಲ್ಕನೆಯದು ಸಾಲಿನ ಕೊನೆಯಲ್ಲಿ, ಎಂಜಿನ್ನಿನ ಹಿಂದಿನ ಗೋಡೆಯಾದ ಫೈರ್‌ವಾಲಿಗೆ ಒತ್ತಿಕೊಂಡು ಇದೆ. ಅದು ಸುಮಾರು ಅರ್ಧ ಸುತ್ತು ಹಗುರವಾಗಿ ತಿರುಗಿ, ಆಮೇಲೆ ಕಿರ್ರೆಂದು ಸದ್ದು ಮಾಡಿ ಬಿಗಿಯಾಗುತ್ತಾ ಹೋಯಿತು. ಅಲ್ಲಿಗೆ ಕೈಬಿಟ್ಟಿದ್ದೇನೆ. ಇನ್ನಷ್ಟು ಬಲ ಹಾಕಬಹುದೇ?

ನಿಧಾನಿ

ಖಂಡಿತ ಬೇಡ. ರ್ಯಾಚೆಟ್ಟನ್ನು ಕೆಳಗಿಟ್ಟು ಒಂದು ಪ್ರಶ್ನೆಗೆ ಉತ್ತರಿಸಿ: ಎಂಜಿನ್ ತಣ್ಣಗಿತ್ತೇ?

ಹಳೇಗಾಡಿ

ಇಲ್ಲ. ಬಿಸಿಯಿದ್ದರೆ ಪ್ಲಗ್ ಸುಲಭವಾಗಿ ಬರುತ್ತದೆಂದು ಪರಿಚಿತರೊಬ್ಬರು ಹೇಳಿದ್ದರಿಂದ ಹತ್ತು ನಿಮಿಷ ಓಡಿಸಿ, ಆಫ್ ಮಾಡಿದ ಕೂಡಲೇ ಶುರುಮಾಡಿದೆ. ನಾಲ್ಕನೆಯದರ ಸರದಿ ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿರಬಹುದು, ಆದರೂ ಹೆಡ್ಡಿನ ಮೇಲೆ ಕೈಯಿಟ್ಟರೆ ಬಿಸಿ ತಾಗುತ್ತಿತ್ತು.

ಎಣ್ಣೆಕೈ

ನಿಮ್ಮ ಪರಿಚಿತರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧ ಸತ್ಯದಿಂದಲೇ ಎಷ್ಟೋ ಹೆಡ್‌ಗಳು ಹಾಳಾಗಿವೆ. ಒಂದೇ ಪ್ರಮಾಣದ ಬಿಸಿಗೆ ಅಲ್ಯೂಮಿನಿಯಮ್ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಆದ್ದರಿಂದ ಬಿಸಿಯಾದ ಹೆಡ್ಡಿನ ತೂತು ಪ್ಲಗ್ಗಿಗಿಂತ ಒಂದಿಷ್ಟು ಹೆಚ್ಚೇ ಅಗಲವಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಇಷ್ಟು ನಿಜ. ಆದರೆ ಅದೇ ಬಿಸಿಯಲ್ಲಿ ಅಲ್ಯೂಮಿನಿಯಮ್ ಮೆದುವೂ ಆಗಿರುತ್ತದೆ. ಥ್ರೆಡ್ಡಿನ ನಡುವೆ ಕಾರ್ಬನ್ನಿನ ಗಟ್ಟಿ ಹರಳೋ ತುಕ್ಕಿನ ಚೂರೋ ಸಿಕ್ಕಿಕೊಂಡಿದ್ದರೆ ಅದು ಉಕ್ಕನ್ನು ಬಿಟ್ಟು ಅಲ್ಯೂಮಿನಿಯಮ್ಮನ್ನು ಕೊರೆಯುತ್ತದೆ, ಕೊನೆಗೆ ಪ್ಲಗ್ಗಿನ ಜೊತೆ ಹೆಡ್ಡಿನ ಥ್ರೆಡ್ಡೂ ಸುರುಳಿಯಾಗಿ ಕಿತ್ತು ಬರುತ್ತದೆ. ಆದಕಾರಣ ಗಾಡಿ ತಯಾರಿಸಿದವರು ಬೇರೆ ರೀತಿ ಹೇಳಿರದಿದ್ದರೆ ಎಂಜಿನ್ ಪೂರ್ತಿ ತಣಿದ ಮೇಲೆಯೇ ಪ್ಲಗ್ ಬಿಚ್ಚಬೇಕು. ಪೂರ್ತಿ ಎಂದರೆ ಒಂದು ರಾತ್ರಿ ಕಳೆದ ಮೇಲೆ.

ನೀವು ಹೇಳಿದ ಸದ್ದಿನ ಬಗ್ಗೆ ಹೇಳುವುದಾದರೆ, ಬಿಗಿಯಾಗಿ ಕೂತಿದ್ದ ಪ್ಲಗ್ ಮೊದಲ ಎಳೆತಕ್ಕೆ ಟಕ್ಕೆಂದು ಬಿಟ್ಟು ಆಮೇಲೆ ಹಗುರವಾಗುತ್ತಾ ಹೋದರೆ ಚಿಂತೆಯಿಲ್ಲ. ಮೊದಲು ಹಗುರವಾಗಿದ್ದು ಆಮೇಲೆ ಬಿಗಿಯಾಗುತ್ತಾ ಹೋದರೆ ಥ್ರೆಡ್ಡಿನ ಕೆಳತುದಿಯಲ್ಲಿ, ಉರಿಯುವ ಕೋಣೆಯ ಕಡೆ, ಕಾರ್ಬನ್ ಗಟ್ಟಿಯಾಗಿ ಅಂಟಿದೆ ಎಂದು ತಿಳಿಯಬೇಕು. ಮೇಲಕ್ಕೆ ಬಂದಷ್ಟೂ ಆ ಮಸಿ ಹೊಸ ಹೊಸ ಥ್ರೆಡ್ಡಿನೊಳಕ್ಕೆ ನುಗ್ಗಿ ಇನ್ನಷ್ಟು ಬಿಗಿಯಾಗುತ್ತದೆ. ಇದಕ್ಕೆ ಮದ್ದು ಬಲವಲ್ಲ, ಹಿಂದೆಮುಂದೆ ಆಡಿಸುವುದು.

ಈಗ ಮಾಡಬೇಕಾದದ್ದು ಇಷ್ಟು. ಪ್ಲಗ್ಗನ್ನು ಬಂದ ದಾರಿಯಲ್ಲೇ ಕಾಲು ಸುತ್ತು ಒಳಕ್ಕೆ ತಿರುಗಿಸಿ. ಪ್ಲಗ್ ಕೂತಿರುವ ಕುಳಿಯೊಳಗೆ ಗಾಳಿ ಹೊಡೆದು ಮಣ್ಣು ಮರಳು ತೆಗೆಯಿರಿ. ಕಣ್ಣಿಗೆ ಕನ್ನಡಕ ಇರಲಿ, ಆ ಕುಳಿಯ ಕಸ ನೇರ ಮುಖಕ್ಕೇ ಬರುತ್ತದೆ. ಆಮೇಲೆ ತುಕ್ಕು ಬಿಡಿಸುವ ಎಣ್ಣೆಯನ್ನು ಪ್ಲಗ್ಗಿನ ಬುಡ ಮುಳುಗುವಷ್ಟು ಮಾತ್ರ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಹೊರಕ್ಕೆ ಎಂಟನೇ ಒಂದು ಸುತ್ತು, ಒಳಕ್ಕೆ ಅಷ್ಟೇ. ಮತ್ತೆ ಹೊರಕ್ಕೆ ಸ್ವಲ್ಪ ಹೆಚ್ಚು, ಒಳಕ್ಕೆ ವಾಪಸ್ಸು. ಪ್ರತಿ ಸಲ ಬಿಗಿಯಾದಲ್ಲಿ ನಿಲ್ಲಿಸಿ ಎಣ್ಣೆ ಮುಟ್ಟಿಸಿ. ಅರ್ಧ ಗಂಟೆ ಹಿಡಿದರೂ ಹಿಡಿಯಲಿ. ಸಾಕೆಟ್ ಓರೆಯಾಗದಂತೆ ನೋಡಿಕೊಳ್ಳಿ, ಓರೆಯಾದರೆ ಪ್ಲಗ್ಗಿನ ಪಿಂಗಾಣಿ ಒಡೆದು ಅದರ ಚೂರು ಆರಿಸುವುದೇ ಇನ್ನೊಂದು ಕೆಲಸವಾಗುತ್ತದೆ.

ಟಾರ್ಕ್‌ಪ್ರಿಯ

ಒಂದು ಮಾತು ಮೊದಲೇ ಖಾತ್ರಿಯಾಗಲಿ. ಹಳೇಗಾಡಿಯವರೇ, ನಿಮ್ಮದು ಫೋರ್ಡ್ 5.4 ಲೀಟರಿನ, ಸಿಲಿಂಡರಿಗೆ ಮೂರು ವಾಲ್ವಿರುವ ಎಂಜಿನ್ ಅಲ್ಲ ತಾನೇ? 2004ರಿಂದ 2008ರ ಸುಮಾರಿನ ಆ ಎಂಜಿನ್ನುಗಳ ಪ್ಲಗ್ಗಿನ ಕೆಳಗೆ ಉದ್ದನೆಯ ತೆಳು ಕೊಳವೆಯಂಥ ಭಾಗವಿದ್ದು, ಅದು ಎರಡು ತುಂಡು ಸೇರಿಸಿ ಮಾಡಿದ ಪ್ಲಗ್. ಕೊಳವೆಯ ಸುತ್ತ ಕಾರ್ಬನ್ ತುಂಬಿಕೊಂಡು, ಮೇಲಿನ ತುಂಡು ಕೈಗೆ ಬಂದು ಕೆಳಗಿನದು ಹೆಡ್ಡಿನಲ್ಲೇ ಉಳಿಯುವುದು ಅದರ ಕುಖ್ಯಾತಿ. ಅದನ್ನು ಬಿಚ್ಚುವುದಕ್ಕೆ ಕಂಪನಿಯೇ ಪ್ರತ್ಯೇಕ ಕ್ರಮವನ್ನು ಪ್ರಕಟಿಸಿದೆ, ಉಳಿದ ತುಂಡನ್ನು ಎಳೆಯಲು ಪ್ರತ್ಯೇಕ ಸಾಧನವೂ ಇದೆ. ಅದಾಗಿದ್ದರೆ ಮುಂದಿನ ಮಾತೇ ಬೇರೆ.

ಹಳೇಗಾಡಿ

ಅಲ್ಲ, ನನ್ನದು ಸಾಧಾರಣ ಒಂದೇ ತುಂಡಿನ 14 ಮಿಲಿಮೀಟರ್ ಥ್ರೆಡ್ಡಿನ ಪ್ಲಗ್. ಬುಡದಲ್ಲಿ ವಾಷರ್ ಇದೆ, 16 ಮಿಲಿಮೀಟರ್ ಸಾಕೆಟ್ ಹಿಡಿಯುತ್ತದೆ. ಎಣ್ಣೆಕೈ ಅವರು ಹೇಳಿದಂತೆ ಎಣ್ಣೆ ಹಾಕಿ ಬಿಟ್ಟಿದ್ದೇನೆ. ಕುಳಿಯೊಳಗೆ ಗಾಳಿ ಹೊಡೆದಾಗ ಧೂಳಿನ ಬದಲು ಕಪ್ಪು ಎಣ್ಣೆಯ ಹನಿಗಳು ಹಾರಿ ಬಂದವು. ಉಳಿದ ಏಳು ಕುಳಿಗಳಲ್ಲಿ ಹೀಗಿರಲಿಲ್ಲ.

ನಿಧಾನಿ

ಆ ಕಪ್ಪು ಎಣ್ಣೆಯನ್ನು ಮರೆಯಬೇಡಿ, ಅದರ ಬಗ್ಗೆ ಆಮೇಲೆ ಮಾತಾಡೋಣ. ಇನ್ನೊಂದು ವಿಷಯ: ಸಿಲಿಂಡರುಗಳ ಎಣಿಕೆ ಎಲ್ಲ ಎಂಜಿನ್ನಿನಲ್ಲೂ ಒಂದೇ ಅಲ್ಲ. ಕೆಲವು ತಯಾರಕರು ಒಂದು ಬದಿಗೆ 1ರಿಂದ 4, ಇನ್ನೊಂದು ಬದಿಗೆ 5ರಿಂದ 8 ಎಂದು ಎಣಿಸಿದರೆ, ಇನ್ನು ಕೆಲವರು ಬೆಸ ಸಂಖ್ಯೆಗಳನ್ನೆಲ್ಲ ಒಂದು ಬದಿಗೂ ಸಮ ಸಂಖ್ಯೆಗಳನ್ನೆಲ್ಲ ಇನ್ನೊಂದು ಬದಿಗೂ ಹಾಕುತ್ತಾರೆ. ಸ್ಕ್ಯಾನರ್ ನಾಲ್ಕು ಎಂದದ್ದು ನೀವು ನಾಲ್ಕು ಎಂದುಕೊಂಡದ್ದೇ ಹೌದೇ ಎಂದು ಕೈಪಿಡಿ ತೆರೆದು ನೋಡಿ.

ಹಳೇಗಾಡಿ

ನೋಡಿದೆ, ಹೌದು. ನನ್ನದರಲ್ಲಿ ಒಂದು ಬದಿಗೆ 1ರಿಂದ 4.

ನಟ್ಟುಬೋಲ್ಟು

ಪ್ಲಗ್ ಹೊರಬಂದ ಮೇಲೆ ಹೊಸದರ ಥ್ರೆಡ್ಡಿಗೆ ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ ಸೀಜ್ ಪೇಸ್ಟ್ ಸವರಿ ಹಾಕಿ. ಇಷ್ಟು ವರ್ಷಗಳಲ್ಲಿ ನಾನು ಸವರದೆ ಒಂದೂ ಪ್ಲಗ್ ಹಾಕಿಲ್ಲ, ನಾನು ಹಾಕಿದ ಒಂದು ಪ್ಲಗ್ಗೂ ಕಚ್ಚಿಕೊಂಡಿಲ್ಲ.

ಟಾರ್ಕ್‌ಪ್ರಿಯ

ನಟ್ಟುಬೋಲ್ಟು ಅವರೇ, ನಿಮ್ಮ ಅನುಭವವನ್ನು ಗೌರವಿಸಿಯೇ ಒಪ್ಪದೆ ಇರುತ್ತೇನೆ. ಈಗಿನ ಬಹುಪಾಲು ಪ್ಲಗ್ಗುಗಳ ಉಕ್ಕಿನ ಕವಚಕ್ಕೆ ತುಕ್ಕು ಹಿಡಿಯದಂಥ ಲೇಪ ಕೊಟ್ಟಿರುತ್ತಾರೆ. ಪ್ಲಗ್ ತಯಾರಿಸುವ ಎನ್‌ಜಿಕೆ ಕಂಪನಿಯು ಇಂಥ ಪ್ಲಗ್ಗುಗಳಿಗೆ ಪೇಸ್ಟ್ ಬೇಡವೆಂದೇ ಹೇಳುತ್ತದೆ. ಕಾರಣ ಸರಳ. ಟಾರ್ಕ್ ರೆಂಚಿಗೆ ಕಾಣುವುದು ತಿರುಗಿಸಲು ಬೇಕಾದ ಬಲ ಮಾತ್ರ, ಥ್ರೆಡ್ಡಿನ ಮೇಲೆ ಬೀಳುವ ಎಳೆತ ಅದಕ್ಕೆ ಕಾಣುವುದಿಲ್ಲ. ಪೇಸ್ಟ್ ಹಚ್ಚಿದರೆ ಜಾರಿಕೆ ಹೆಚ್ಚಾಗಿ, ರೆಂಚ್ ಅದೇ ಅಂಕಿಗೆ ಕಟ್ಟೆನ್ನುವ ಹೊತ್ತಿಗೆ ಪ್ಲಗ್ ಬೇಕಾದುದಕ್ಕಿಂತ ಎಷ್ಟೋ ಮುಂದೆ ಹೋಗಿ ಹಿಗ್ಗಿರುತ್ತದೆ. ಅಲ್ಯೂಮಿನಿಯಮ್ ಹೆಡ್ಡಿಗೆ ವಾಷರ್ ಇರುವ 14 ಮಿಲಿಮೀಟರ್ ಪ್ಲಗ್ಗಾದರೆ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್, 12 ಮಿಲಿಮೀಟರಿನದಾದರೆ 15ರಿಂದ 20; ಇವೆಲ್ಲ ಒಣಗಿದ ಥ್ರೆಡ್ಡಿನ ಲೆಕ್ಕ. ಗಾಡಿಯ ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಅದೇ ಅಂತಿಮ. ವಾಷರ್ ಇಲ್ಲದೆ ಬುಡ ಇಳಿಜಾರಾಗಿರುವ ಪ್ಲಗ್ಗುಗಳಿಗೆ ಇನ್ನೂ ಕಡಿಮೆ.

ನಟ್ಟುಬೋಲ್ಟು

ಸರಿ, ಪೇಸ್ಟ್ ಹಚ್ಚುವವರು ಟಾರ್ಕನ್ನು ಶೇಕಡ 30ರಷ್ಟು ಇಳಿಸಬೇಕೆಂಬುದು ನನಗೂ ಗೊತ್ತು, ಹಾಗೆಯೇ ಮಾಡುತ್ತೇನೆ. ಲೇಪವಿಲ್ಲದ, ಕಪ್ಪಗೆ ಕಾಣುವ ಹಳೆಯ ಮಾದರಿಯ ಪ್ಲಗ್ಗುಗಳಿಗೆ ಪೇಸ್ಟ್ ಬೇಕೇ ಬೇಕು ಎಂಬುದನ್ನಾದರೂ ನೀವು ಒಪ್ಪುತ್ತೀರೆಂದುಕೊಂಡಿದ್ದೇನೆ.

ಟಾರ್ಕ್‌ಪ್ರಿಯ

ಅದನ್ನು ಒಪ್ಪುತ್ತೇನೆ. ಆದರೆ ಬ್ರಶ್ಶಿನ ತುದಿಯಷ್ಟು, ಅದೂ ಮೇಲಿನ ಥ್ರೆಡ್ಡಿಗೆ ಮಾತ್ರ. ಎಲೆಕ್ಟ್ರೋಡಿನ ಕಡೆಗೆ ಸೋಕಿದರೆ ಆ ಲೋಹದ ಪುಡಿಯೇ ಕಿಡಿಗೆ ಅಡ್ಡದಾರಿಯಾಗುತ್ತದೆ.

ಮೂರನೇಗೇರು

ಡೀಸೆಲ್ ಪಿಕಪ್ ಇರುವ ನನಗೂ ಈ ಕೆಲಸ ಬರುತ್ತದೆಯೇ?

ಎಣ್ಣೆಕೈ

ಇಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿದ ಬಿಸಿಯಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ, ಕಿಡಿಯ ಪ್ಲಗ್ ಇರುವುದಿಲ್ಲ. ನಿಮ್ಮಲ್ಲಿರುವುದು ಚಳಿಯಲ್ಲಿ ಸ್ಟಾರ್ಟ್ ಆಗಲು ಕೋಣೆಯನ್ನು ಕಾಯಿಸುವ ಗ್ಲೋ ಪ್ಲಗ್. ಕಚ್ಚಿಕೊಳ್ಳುವುದರಲ್ಲಿ ಅದು ಇದರ ಅಣ್ಣ, ಮುರಿಯುವುದರಲ್ಲಂತೂ ಇನ್ನೂ ಮುಂದು.

ಹಳೇಗಾಡಿ, ಸೋಮವಾರ ಬೆಳಗ್ಗೆ

ಬಂತು! ಒಂದೇ ರಾತ್ರಿ ಸಾಲಲಿಲ್ಲ. ಭಾನುವಾರ ಬೆಳಗ್ಗೆ ಮುಕ್ಕಾಲು ಸುತ್ತಿಗೆ ಮತ್ತೆ ಬಿಗಿಯಾಯಿತು, ಇನ್ನೊಮ್ಮೆ ಎಣ್ಣೆ ಹಾಕಿ ಸಂಜೆಗೆ ಕೈಹಾಕಿದೆ. ಸ್ಟೂಲಿನ ಮೇಲೆ ನಿಂತು, ಎದೆಯನ್ನು ರೇಡಿಯೇಟರಿನ ಮೇಲ್ಗಡೆಯ ಪಟ್ಟಿಗೆ ಊರಿ, ನಲವತ್ತು ನಿಮಿಷ ಹಿಂದೆಮುಂದೆ ಆಡಿಸಿದ್ದೇನೆ. ಕೊನೆಯ ನಾಲ್ಕೈದು ಸುತ್ತಿನಲ್ಲಿ ಮರಳು ಅರೆದಂತಹ ಸದ್ದಿತ್ತು, ಆಮೇಲೆ ತಾನಾಗಿ ಸಡಿಲವಾಯಿತು. ಪ್ಲಗ್ಗಿನ ಕೆಳಗಿನ ಮೂರು ಥ್ರೆಡ್ಡುಗಳ ನಡುವೆ ಟಾರು ಒಣಗಿದಂತೆ ಕಪ್ಪು ಮಸಿ ತುಂಬಿದೆ. ಬೆಳ್ಳಿಯ ಬಣ್ಣದ ಚೂರು ಒಂದೂ ಕಾಣಲಿಲ್ಲವಾದ್ದರಿಂದ ಹೆಡ್ಡಿನ ಥ್ರೆಡ್ ಉಳಿದಿದೆ ಎಂದುಕೊಂಡಿದ್ದೇನೆ.

ಎಂಟನ್ನೂ ರಟ್ಟಿಗೆ ತೂತು ಕೊರೆದು ಅಂಕಿ ಬರೆದು ನಿಲ್ಲಿಸಿದ್ದೇನೆ. ಏಳು ಪ್ಲಗ್ಗುಗಳ ತುದಿ ತಿಳಿ ಕಂದು ಬಣ್ಣಕ್ಕಿದೆ, ಎಲೆಕ್ಟ್ರೋಡಿನ ಅಂಚು ಸವೆದು ದುಂಡಾಗಿದೆ. ಕೈಪಿಡಿಯಲ್ಲಿ ಗ್ಯಾಪ್, ಅಂದರೆ ಕಿಡಿ ಹಾರುವ ಎಡೆ, 1.1 ಮಿಲಿಮೀಟರ್ ಎಂದಿದ್ದರೆ ಇವುಗಳಲ್ಲಿ 1.4ರಿಂದ 1.5 ಇದೆ. ನಾಲ್ಕನೆಯದರ ತುದಿ ಕಪ್ಪಗಿದೆ. ಅದಕ್ಕಿಂತ ವಿಚಿತ್ರವಾದದ್ದು ಅದರ ಹೊರಗಿನ ಬಿಳಿ ಪಿಂಗಾಣಿ: ಮೇಲಿನ ತುದಿಯಿಂದ ಕೆಳಗಿನ ಲೋಹದವರೆಗೆ ಪೆನ್ಸಿಲ್ಲಿನಲ್ಲಿ ಎಳೆದಂತೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆಯಿದೆ, ಉಜ್ಜಿದರೂ ಹೋಗುತ್ತಿಲ್ಲ. ಎರಡನೆಯದರಲ್ಲೂ ಅಂಥದೇ ಗೆರೆ, ಇನ್ನೂ ಮಸುಕಾಗಿ, ಅರ್ಧದವರೆಗೆ ಇದೆ. ಉಳಿದವುಗಳಲ್ಲಿ ಗೆರೆಯಿಲ್ಲ, ಆದರೆ ಪಿಂಗಾಣಿ ಲೋಹವನ್ನು ಸೇರುವಲ್ಲಿ ಕಂದು ಬಣ್ಣದ ಉಂಗುರವಿದೆ. ಒಳಗಿನ ಹೊಗೆ ಸೋರುತ್ತಿದೆಯೇ?

ಎಣ್ಣೆಕೈ

ನಿಮ್ಮ ಪಿ0302ರ ಒಗಟು ಬಿಡಿಸಿಕೊಂಡಿತು. ಆ ಕೂದಲೆಳೆಯ ಗೆರೆಯೇ ಕಳ್ಳ.

ಗ್ಯಾಪ್ ಹೆಚ್ಚಾದಷ್ಟೂ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಸಾವಿರಗಟ್ಟಲೆ ವೋಲ್ಟಿನ ಆ ಒತ್ತಡ ಎಲ್ಲಿ ಸುಲಭದ ದಾರಿಯಿದೆಯೋ ಅಲ್ಲಿಗೆ ಹರಿಯುತ್ತದೆ. ನಿಮ್ಮ ನಾಲ್ಕನೇ ಕುಳಿಯಲ್ಲಿ ಎಣ್ಣೆ ನಿಂತು, ಪ್ಲಗ್ಗಿನ ಮೇಲೆ ಕೂರುವ ಕಾಯಿಲಿನ ರಬ್ಬರ್ ಬೂಟನ್ನು ಊದಿಸಿ ಮೆದು ಮಾಡಿತ್ತು. ಕಿಡಿ ಗ್ಯಾಪಿನಲ್ಲಿ ಹಾರುವ ಬದಲು ಬೂಟಿಗೂ ಪಿಂಗಾಣಿಗೂ ನಡುವೆ ಜಾರಿ ಹೊರಗಿನ ಲೋಹಕ್ಕೆ ಹೋಯಿತು. ಹಾಗೆ ಒಮ್ಮೆ ಹೋದ ದಾರಿಯಲ್ಲಿ ಕಾರ್ಬನ್ ಸುಟ್ಟು ಗೆರೆಯಾಗುತ್ತದೆ, ಕಾರ್ಬನ್ ವಿದ್ಯುತ್ತನ್ನು ಹಾಯಿಸುತ್ತದೆ, ಆದ್ದರಿಂದ ಮುಂದಿನ ಸಲ ಆ ದಾರಿ ಇನ್ನೂ ಸುಲಭ. ಅದೇ ಗೆರೆ ಬೂಟಿನ ಒಳಗೋಡೆಯ ಮೇಲೂ ಬಿದ್ದಿರುತ್ತದೆ, ಟಾರ್ಚ್ ಹಾಕಿ ನೋಡಿ. ನೀವು ನಾಲ್ಕರ ಕಾಯಿಲನ್ನು ಎರಡಕ್ಕೆ ಹಾಕಿದಾಗ ಗೆರೆ ಬಿದ್ದ ಬೂಟು ಎರಡನೇ ಪ್ಲಗ್ಗಿಗೆ ಹೋಗಿ ಅಲ್ಲಿಯೂ ಗೆರೆ ಎಳೆಯಲು ಶುರುಮಾಡಿತು. ನಾಲ್ಕಕ್ಕೆ ಒಳ್ಳೆಯ ಕಾಯಿಲ್ ಬಂದರೂ ಅಲ್ಲಿನ ಪಿಂಗಾಣಿಯ ಮೇಲೆ ಹಳೆಯ ಗೆರೆ ಇದ್ದೇ ಇತ್ತು. ಹಾಗಾಗಿ ಎರಡೂ ಕಡೆ ಮಿಸ್ಸಿಂಗ್. ಹೊಸ ಪ್ಲಗ್ಗಿಗೆ ಈ ಹಳೆಯ ಬೂಟನ್ನು ಹಾಕಿದರೆ ಕೆಲವೇ ದಿನಗಳಲ್ಲಿ ಅದೂ ಕೆಡುತ್ತದೆ. ಎರಡೂ ಕಾಯಿಲಿನ ಬೂಟುಗಳನ್ನು ಬದಲಾಯಿಸಿ. ಬೂಟು ಬಿಡಿಯಾಗಿ ಸಿಗದ ಮಾದರಿಯಾದರೆ ಕಾಯಿಲನ್ನೇ ಬದಲಾಯಿಸಿ.

ಕಂದು ಉಂಗುರದ ಬಗ್ಗೆ ಭಯ ಬೇಡ. ಅದು ಸೋರಿಕೆಯಲ್ಲ. ಹೆಚ್ಚಿನ ವೋಲ್ಟೇಜಿನ ಸುತ್ತ ಹುಟ್ಟುವ ಕರೋನ ಎಂಬ ವಿದ್ಯುತ್ ಪ್ರಭಾವದಿಂದ ಗಾಳಿಯಲ್ಲಿ ತೇಲುವ ಎಣ್ಣೆಯ ಸೂಕ್ಷ್ಮ ಕಣಗಳು ಅಲ್ಲಿ ಬಂದು ಅಂಟಿಕೊಳ್ಳುತ್ತವೆ. ಚೆನ್ನಾಗಿ ಕೆಲಸ ಮಾಡುವ ಪ್ಲಗ್ಗುಗಳಲ್ಲೂ ಇರುತ್ತದೆ.

ನಿಧಾನಿ

ಕಪ್ಪು ಎಣ್ಣೆಯ ಮಾತು ಈಗ. ಅದು ಸಿಲಿಂಡರಿನಿಂದ ಮೇಲೆ ಬಂದದ್ದಲ್ಲ. ವಾಲ್ವ್ ಕವರಿನ ಒಳಗೆ ಪ್ಲಗ್ಗಿನ ಕೊಳವೆಯ ಸುತ್ತ ರಬ್ಬರ್ ಸೀಲ್ ಇರುತ್ತದೆ. ಅದು ವಯಸ್ಸಾಗಿ ಗಟ್ಟಿಯಾದರೆ ಎಂಜಿನ್ ಆಯಿಲ್ ಕುಳಿಯೊಳಗೆ ಇಳಿಯುತ್ತದೆ. ಪ್ಲಗ್ಗಿನ ತುದಿಯೇ ಎಣ್ಣೆಯಲ್ಲಿ ನೆಂದಿದ್ದರೆ ಆಗ ಪಿಸ್ಟನ್ ರಿಂಗನ್ನೋ ವಾಲ್ವ್ ಸೀಲನ್ನೋ ಸಂಶಯಿಸಬೇಕು. ನಿಮ್ಮ ನಾಲ್ಕರ ತುದಿ ಒಣಗಿದ ಮಸಿಯೋ, ಜಿಡ್ಡಿನ ಮಸಿಯೋ?

ಹಳೇಗಾಡಿ

ಒಣ ಮಸಿ. ಬೆರಳಿಗೆ ಪುಡಿಯಾಗಿ ಹತ್ತುತ್ತದೆ, ಜಿಡ್ಡಿಲ್ಲ.

ನಿಧಾನಿ

ಹಾಗಾದರೆ ಉರಿಯದೆ ಉಳಿದ ಪೆಟ್ರೋಲಿನ ಮಸಿ ಅದು, ಮಿಸ್‌ಫೈರಿನ ಫಲವೇ ಹೊರತು ಕಾರಣವಲ್ಲ. ರಿಂಗಿನ ಚಿಂತೆ ಬಿಡಿ.

ಎಣ್ಣೆಕೈ

ಹೊಸದನ್ನು ಹಾಕುವ ಮೊದಲು ಎರಡು ಕೆಲಸಗಳಿವೆ. ನೀವು ಹಾಕಿದ ಎಣ್ಣೆ ಸ್ವಲ್ಪವಾದರೂ ಸಿಲಿಂಡರಿಗೆ ಇಳಿದಿರುತ್ತದೆ, ಮಸಿಯ ಪುಡಿಯೂ ಬಿದ್ದಿರುತ್ತದೆ. ಎಂಟೂ ಪ್ಲಗ್ ಹೊರಗಿರುವಾಗ, ಕಾಯಿಲ್ ಮತ್ತು ಇಂಜೆಕ್ಟರಿನ ಫ್ಯೂಸ್ ಕಿತ್ತು, ನಾಲ್ಕನೇ ಕುಳಿಯ ಮೇಲೆ ಬಟ್ಟೆ ಹಾಸಿ, ಎರಡು ಮೂರು ಸೆಕೆಂಡ್ ಸ್ಟಾರ್ಟರ್ ತಿರುಗಿಸಿ. ದ್ರವವಿದ್ದರೆ ಬಟ್ಟೆಗೆ ಬರುತ್ತದೆ. ಆಮೇಲೆ ಥ್ರೆಡ್ ಶುಚಿ ಮಾಡುವ ಚೇಸರಿಗೆ ಗ್ರೀಸ್ ಮೆತ್ತಿ ಕೈಯಲ್ಲೇ ಒಳಕ್ಕೆ ತಿರುಗಿಸಿ. ಮಸಿ ಗ್ರೀಸಿಗೆ ಅಂಟಿಕೊಂಡು ಹೊರಬರುತ್ತದೆ. ಹೊಸ ಥ್ರೆಡ್ ಕೊರೆಯುವ ಟ್ಯಾಪನ್ನು ಇದಕ್ಕೆ ಬಳಸಬೇಡಿ, ಅದು ಇರುವ ಲೋಹವನ್ನೂ ತಿನ್ನುತ್ತದೆ.

ಹಾಕುವಾಗ ನನಗೆ ರ್ಯಾಚೆಟ್ಟಿನ ಮೇಲೆ ನಂಬಿಕೆಯಿಲ್ಲ. ಒಂದು ಗೇಣುದ್ದದ ಪೆಟ್ರೋಲ್ ಪೈಪಿನ ತುಂಡನ್ನು ಪ್ಲಗ್ಗಿನ ಪಿಂಗಾಣಿಗೆ ಸಿಕ್ಕಿಸಿ, ಕುಳಿಯೊಳಗೆ ಇಳಿಸಿ, ಮೊದಲು ಎಡಕ್ಕೆ ನಿಧಾನವಾಗಿ ತಿರುಗಿಸಿ. ಥ್ರೆಡ್ಡಿನ ಬಾಯಿ ಸಿಕ್ಕ ಕ್ಷಣ ಪ್ಲಗ್ ಒಂದು ಕೂದಲಿನಷ್ಟು ಕೆಳಕ್ಕೆ ಕುಸಿದದ್ದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಿ. ಓರೆಯಾಗಿ ಹತ್ತಿದ್ದರೆ ಪೈಪು ಜಾರುತ್ತದೆಯೇ ಹೊರತು ಥ್ರೆಡ್ ಹಾಳಾಗುವುದಿಲ್ಲ. ರ್ಯಾಚೆಟ್ಟಿಗೆ ಈ ನಾಚಿಕೆಯಿಲ್ಲ, ಅದು ಓರೆಯಲ್ಲೂ ನುಗ್ಗುತ್ತದೆ. ವಾಷರ್ ಕೂತ ಮೇಲಷ್ಟೇ ಟಾರ್ಕ್ ರೆಂಚ್.

ಹಳೇಗಾಡಿ

ಗ್ಯಾಪ್ ಸರಿಪಡಿಸಬೇಕೇ? ಕೊಂಡದ್ದು ಇರಿಡಿಯಮ್ ಪ್ಲಗ್.

ಟಾರ್ಕ್‌ಪ್ರಿಯ

ಅಳೆಯಿರಿ, ಅಗತ್ಯವಿಲ್ಲದೆ ಬಗ್ಗಿಸಬೇಡಿ. ತಂತಿಯ ಗೇಜ್ ಬಳಸಿ; ನಾಣ್ಯದಂತಹ ದುಂಡನೆಯ ಗೇಜನ್ನು ಗ್ಯಾಪಿನೊಳಗೆ ತುರುಕಿ ಮೀಟಿದರೆ ಸೂಜಿಯಷ್ಟು ಸಣ್ಣ ಇರಿಡಿಯಮ್ ತುದಿ ಮುರಿಯುತ್ತದೆ. ಬಗ್ಗಿಸಲೇಬೇಕಾದರೆ ಹೊರಗಿನ ಬಾಗಿದ ಎಲೆಕ್ಟ್ರೋಡನ್ನು ಮಾತ್ರ ಮುಟ್ಟಿ. ಹಾಗೆಯೇ, ಹೀಟ್ ರೇಂಜಿನ (ಪ್ಲಗ್ ತನ್ನ ತುದಿಯ ಬಿಸಿಯನ್ನು ಎಷ್ಟು ಬೇಗ ಹೊರಹಾಕುತ್ತದೆಂಬುದರ) ಅಂಕಿಯನ್ನು ಹಳೆಯ ಪ್ಲಗ್ಗಿನ ಜೊತೆ ಹೋಲಿಸುವವರು ಒಂದೇ ಕಂಪನಿಯದರ ಜೊತೆ ಹೋಲಿಸಬೇಕು: ಎನ್‌ಜಿಕೆ, ಡೆನ್ಸೊಗಳಲ್ಲಿ ಅಂಕಿ ಹೆಚ್ಚಿದಷ್ಟೂ ತಣ್ಣನೆಯ ಪ್ಲಗ್, ಬಾಷ್, ಚಾಂಪಿಯನ್‌ಗಳಲ್ಲಿ ಅಂಕಿ ಹೆಚ್ಚಿದಷ್ಟೂ ಬಿಸಿ ಪ್ಲಗ್. ನೆಲಕ್ಕೆ ಬಿದ್ದ ಪ್ಲಗ್ಗನ್ನು ಹಾಕಬೇಡಿ. ಪಿಂಗಾಣಿಯ ಒಳಬಿರುಕು ಹೊರಗೆ ಕಾಣುವುದಿಲ್ಲ.

ಮೂರನೇಗೇರು

ಎಂಟು ಪ್ಲಗ್ಗಿಗೇ ಮೂರು ದಿನವಾಯಿತು. ಸಿಲಿಂಡರಿಗೆ ಎರಡೆರಡು ಪ್ಲಗ್ ಇರುವ 5.7 ಲೀಟರ್ ಹೆಮಿ ಎಂಜಿನ್ನಿನವರು, ಹದಿನಾರು ಪ್ಲಗ್ಗಿನವರು, ಇದನ್ನು ಓದುತ್ತಿದ್ದರೆ ಅವರಿಗೆ ನನ್ನ ಸಹಾನುಭೂತಿ.

ಹಳೇಗಾಡಿ, ಗುರುವಾರ

ಎಂಟೂ ಕೂತವು. ಪೈಪಿನ ಉಪಾಯ ಎಣ್ಣೆಕೈ ಅವರು ಹೇಳಿದಂತೆಯೇ ಕೆಲಸ ಮಾಡಿತು. ನಾಲ್ಕನೆಯದರಲ್ಲಿ ಎರಡು ಸಲ ಪೈಪು ಜಾರಿತು, ಮೂರನೇ ಸಲಕ್ಕೆ ಆ ಕೂದಲಿನಷ್ಟು ಕುಸಿತ ಬೆರಳಿಗೆ ಸಿಕ್ಕಿತು. ಪೇಸ್ಟ್ ಹಚ್ಚಲಿಲ್ಲ, 27 ನ್ಯೂಟನ್ ಮೀಟರಿಗೆ ಕಟ್ಟಿದೆ. ನಾಲ್ಕರಲ್ಲಿದ್ದು ಎರಡಕ್ಕೆ ಹೋಗಿದ್ದ ಕಾಯಿಲಿನ ಬೂಟಿನೊಳಗೆ ಟಾರ್ಚ್ ಹಾಕಿದಾಗ ಪಿಂಗಾಣಿಯ ಮೇಲಿದ್ದ ಗೆರೆಯ ಜೊತೆಗಾರ ಗೆರೆ ನೇರವಾಗಿ ಕಂಡಿತು. ಇನ್ನೊಂದರಲ್ಲಿ ಅಷ್ಟು ಸ್ಪಷ್ಟವಾಗಿರದಿದ್ದರೂ ಎರಡೂ ಬೂಟುಗಳನ್ನು ಬದಲಾಯಿಸಿ, ಬಾಯಿಗೆ ವಿದ್ಯುತ್ ಹಾಯಿಸದ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಿದೆ. ಫ್ಯೂಸ್ ವಾಪಸ್ಸು ಹಾಕಲು ಮರೆತು, ಸ್ಟಾರ್ಟ್ ಆಗದೆ ಐದು ನಿಮಿಷ ಎದೆ ಹೊಡೆದುಕೊಂಡದ್ದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಬೆಳಗಿನ ನಡುಕ ನಿಂತಿದೆ. ಮೂರು ದಿನಗಳಲ್ಲಿ 240 ಕಿಲೋಮೀಟರ್ ಓಡಿಸಿದೆ, ಭಾರ ಹೇರಿ ಏರನ್ನೂ ಹತ್ತಿಸಿದೆ. ಕೋಡ್ ಮರಳಿ ಬಂದಿಲ್ಲ.

ನಿಧಾನಿ

ಸಂತೋಷ. ಆದರೆ ನಾಲ್ಕನೇ ಕಾಯಿಲ್ ಒಮ್ಮೆ ಎತ್ತಿ ನೋಡಿದಿರಾ?

ಹಳೇಗಾಡಿ

ನಿಮ್ಮ ಮಾತು ಓದಿ ಈಗಷ್ಟೇ ಎತ್ತಿದೆ. ಹೊಸ ಬೂಟಿನ ಕೆಳಗಿನ ಅಂಚು ಒದ್ದೆಯಾಗಿದೆ, ಕುಳಿಯ ಗೋಡೆಯ ಮೇಲಿಂದ ಎಣ್ಣೆಯ ಒಂದು ಎಳೆ ಇಳಿಯುತ್ತಿದೆ. ಆ ಬದಿಯ ವಾಲ್ವ್ ಕವರ್ ಗ್ಯಾಸ್ಕೆಟ್ ಮತ್ತು ನಾಲ್ಕೂ ಕೊಳವೆಗಳ ಸೀಲನ್ನು ತರಿಸುತ್ತಿದ್ದೇನೆ. ಕವರ್ ಬಿಚ್ಚಲು ಯಾವ ಬೋಲ್ಟಿನಿಂದ ಶುರುಮಾಡಬೇಕೆಂದು ಬಲ್ಲವರು ತಿಳಿಸಿ.

ಎಣ್ಣೆಕೈ

ಹೊರಗಿನಿಂದ ಒಳಕ್ಕೆ ಸಡಿಲಿಸಿ, ಒಳಗಿನಿಂದ ಹೊರಕ್ಕೆ ಕಟ್ಟಿ. ಅದಕ್ಕೂ ಮುಂಚೆ ಕವರಿನ ಸುತ್ತಲ ಧೂಳನ್ನು ಒರೆಸಿ ತೆಗೆಯಿರಿ, ಈ ಸಲವೂ ಎಂಜಿನ್ ತಣ್ಣಗಿರಲಿ.